ಹೊಕ್ಕು ಸಮ ಬೀಳಬೇಕು: ಆರ್‌ಟಿಎಸ್‌ಎಸ್ ಮತ್ತು ಉಳಿದ ಫ್ರೇಮ್ ಲಿಮಿಟರ್‌ಗಳ ವಿಮರ್ಶೆ

ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ಮಗ್ಗದ ಮುಂದೆ ನಿಂತು ನೋಡಿದವರಿಗೆ ಗೊತ್ತು. ಇಂಚಿಗೆ ಇಷ್ಟು ಎಳೆ ಹೊಕ್ಕು ಅನ್ನುವ ಲೆಕ್ಕ ಸರಿ ಬಂದರೂ, ಎಳೆಗಳು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಸಡಿಲಾಗಿ ಬಿದ್ದಿದ್ದರೆ ಬಟ್ಟೆಯನ್ನು ಬೆಳಕಿಗೆ ಹಿಡಿದ ಕೂಡಲೇ ಪಟ್ಟೆ ಎದ್ದು ಕಾಣುತ್ತದೆ. ಗೇಮ್‌ನ ಫ್ರೇಮ್‌ಗಳದೂ, ಅಂದರೆ ಪರದೆಯ ಮೇಲೆ ಒಂದರ ಹಿಂದೆ ಒಂದು ಬರುವ ಚಿತ್ರಗಳದೂ, ಇದೇ ಕಥೆ. ಸರಾಸರಿ 60 ಎಫ್‌ಪಿಎಸ್ (ಸೆಕೆಂಡಿಗೆ 60 ಫ್ರೇಮ್) ಅಂದರೆ ಒಂದೊಂದು ಫ್ರೇಮಿಗೆ 16.67 ಮಿಲಿಸೆಕೆಂಡ್. ಆದರೆ ಒಂದು ಫ್ರೇಮ್ 8 ಮಿಲಿಸೆಕೆಂಡಿಗೆ, ಮುಂದಿನದು 25ಕ್ಕೆ, ಮತ್ತೆ 8ಕ್ಕೆ, ಮತ್ತೆ 25ಕ್ಕೆ ಬಂದರೂ ಮೂಲೆಯಲ್ಲಿರುವ ಕೌಂಟರ್ ಹೆಚ್ಚುಕಡಿಮೆ 60 ಅಂತಲೇ ತೋರಿಸುತ್ತದೆ. ಮೌಸ್ ತಿರುಗಿಸಿದಾಗ ಗೋಡೆಯ ಅಂಚು ಜಗ್ಗಿ ಜಗ್ಗಿ ಬರುವುದು ಕಣ್ಣಿಗೆ ಕಾಣುತ್ತದೆ, ಕೌಂಟರಿಗೆ ಕಾಣುವುದಿಲ್ಲ.

ಫ್ರೇಮ್ ಲಿಮಿಟರ್ ಮಾಡುವ ಕೆಲಸ ಇಷ್ಟೇ: ಬೇಗ ಮುಗಿದ ಫ್ರೇಮ್ ಮುಂದಕ್ಕೆ ಓಡದಂತೆ ತಡೆದು, ಪ್ರತಿ ಫ್ರೇಮಿಗೂ ಒಂದೇ ಅಂತರ ಕೊಡುವುದು. ಇದರ ಜೊತೆಗೆ ಇನ್ನೊಂದು ಲಾಭವಿದೆ. ಗ್ರಾಫಿಕ್ಸ್ ಕಾರ್ಡ್ 99 ಪ್ರತಿಶತ ಬಳಕೆಯಲ್ಲಿ ಓಡುತ್ತಿರುವಾಗ ಪ್ರೊಸೆಸರ್ ಸಿದ್ಧಮಾಡಿದ ಫ್ರೇಮ್‌ಗಳು ಅದರ ಬಾಗಿಲಲ್ಲಿ ಸಾಲುಗಟ್ಟುತ್ತವೆ. ಆ ಸಾಲಿನಷ್ಟೂ ಹೊತ್ತು ನಿಮ್ಮ ಕ್ಲಿಕ್ ತಡವಾಗಿ ಪರದೆಗೆ ಬರುತ್ತದೆ. ಬಳಕೆ 95ರ ಕೆಳಗೆ ನಿಲ್ಲುವಂತೆ ಮಿತಿ ಹಾಕಿದರೆ ಸಾಲು ಕರಗುತ್ತದೆ. ಎಫ್‌ಪಿಎಸ್ ಕಡಿಮೆಯಾದರೂ ಆಟ ಚುರುಕಾದಂತೆ ಅನಿಸುವುದು ಇದರಿಂದ. ಸುಮ್ಮನೆ ಅನಿಸುವುದಲ್ಲ, ನಿಜವಾಗಿಯೂ ತಡ ಕಡಿಮೆಯಾಗಿರುತ್ತದೆ.

ಕಾಸು ಖರ್ಚಿಲ್ಲದೆ ಸಿಗುವ ಲಿಮಿಟರ್‌ಗಳು ಬೇಕಾದಷ್ಟಿವೆ. ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ರಿವಾಟ್ಯೂನರ್ ಸ್ಟ್ಯಾಟಿಸ್ಟಿಕ್ಸ್ ಸರ್ವರ್, ಎಲ್ಲರೂ ಕರೆಯುವ ಹೆಸರು ಆರ್‌ಟಿಎಸ್‌ಎಸ್. ಅದರಿಂದಲೇ ಶುರು ಮಾಡೋಣ.

ಆರ್‌ಟಿಎಸ್‌ಎಸ್ ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡಿನ ಮೇಲೆ ಕಣ್ಣಿಡುವ ಎಂಎಸ್‌ಐ ಆಫ್ಟರ್‌ಬರ್ನರ್ ಪ್ರೋಗ್ರಾಂ ಜೊತೆಗೇ ಬರುತ್ತದೆ. ಗುರು3ಡಿ ತಾಣದಿಂದ ಬೇರೆಯಾಗಿಯೂ ಇಳಿಸಿಕೊಳ್ಳಬಹುದು. ಆಫ್ಟರ್‌ಬರ್ನರ್‌ಗೆ ಎಂಎಸ್‌ಐ ಕಾರ್ಡೇ ಬೇಕೆಂದಿಲ್ಲ, ಯಾವ ಕಂಪನಿಯ ಕಾರ್ಡಿದ್ದರೂ ನಡೆಯುತ್ತದೆ. ಎಚ್ಚರವಿರಬೇಕಾದದ್ದು ಇಳಿಸಿಕೊಳ್ಳುವ ಜಾಗದ ಬಗ್ಗೆ. ಆಫ್ಟರ್‌ಬರ್ನರ್ ಹೆಸರಿನ ನಕಲಿ ತಾಣಗಳು ಕ್ರಿಪ್ಟೊ ಮೈನರ್ ಸೇರಿಸಿದ ಫೈಲ್ ಹಂಚಿದ್ದುಂಟು. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ, ಎಂಎಸ್‌ಐ ತಾಣಕ್ಕೇ ನೇರ ಹೋಗಿ.

ತೆರೆದರೆ ಕಾಣುವುದು ಸಣ್ಣ ಕಿಟಕಿ, ಇನ್ನೂ ಸಣ್ಣ ಅಕ್ಷರ, ಹತ್ತು ಹದಿನೈದು ವರ್ಷ ಹಿಂದಿನ ನೋಟ. ಮೊದಲ ಸಲ ನೋಡಿದವರು ಗಾಬರಿಯಾಗಿ ಮುಚ್ಚಿಬಿಡುತ್ತಾರೆ. ಮುಚ್ಚಬೇಡಿ. ನಿಮಗೆ ಬೇಕಾದದ್ದು ಮೂರೇ ಜಾಗ. ಎಡಗಡೆ ಕೆಳಗಿರುವ ‘ಆ್ಯಡ್’ ಬಟನ್ ಒತ್ತಿ ಗೇಮ್‌ನ ಇಎಕ್ಸ್‌ಇ ಫೈಲ್ ಆರಿಸಿ. ಎಡಗಡೆಯ ಪಟ್ಟಿಯಲ್ಲಿ ಆ ಹೆಸರು ಆಯ್ಕೆಯಾಗಿದೆಯೇ ನೋಡಿ. ಬಲಗಡೆ ‘ಫ್ರೇಮ್‌ರೇಟ್ ಲಿಮಿಟ್’ ಮುಂದೆ ಅಂಕಿ ಬರೆದು ಎಂಟರ್ ಒತ್ತಿ. ಅಷ್ಟೇ. ಗೇಮ್ ಓಡುತ್ತಿರುವಾಗಲೇ ಆಲ್ಟ್-ಟ್ಯಾಬ್ ಮಾಡಿ ಅಂಕಿ ಬದಲಿಸಿದರೂ ಆ ಕ್ಷಣಕ್ಕೇ ಜಾರಿಯಾಗುತ್ತದೆ, ಹಾಗಾಗಿ 60 ಚಲೋನೋ 72 ಚಲೋನೋ ಅಂತ ಪಕ್ಕಪಕ್ಕದಲ್ಲೇ ಹೋಲಿಸಬಹುದು. ಸೊನ್ನೆ ಬರೆದರೆ ಮಿತಿ ಇಲ್ಲ ಅಂತ ಅರ್ಥ. ಆ ‘ಫ್ರೇಮ್‌ರೇಟ್ ಲಿಮಿಟ್’ ಅನ್ನುವ ಅಕ್ಷರದ ಮೇಲೆಯೇ ಕ್ಲಿಕ್ ಮಾಡಿದರೆ ಅದು ಮೈಕ್ರೋಸೆಕೆಂಡ್ ಲೆಕ್ಕದ ‘ಫ್ರೇಮ್‌ಟೈಮ್ ಲಿಮಿಟ್’ ಆಗುತ್ತದೆ, ಮತ್ತೆ ಒತ್ತಿದರೆ ‘ಸ್ಕ್ಯಾನ್‌ಲೈನ್ ಸಿಂಕ್’. ಇದು ಬಟನ್ ಅಂತ ಎಲ್ಲೂ ಬರೆದಿಲ್ಲ. ತಿಳಿಯದೆ ಒತ್ತಿ, ಆಮೇಲೆ 60 ಬರೆದು, ಮಿತಿ ಯಾಕೆ ಬೀಳುತ್ತಿಲ್ಲ ಅಂತ ತಲೆ ಕೆರೆದುಕೊಳ್ಳುವವರೇ ಹೆಚ್ಚು. ಅಂಕಿ ಹಾಕಿದ ಮೇಲೆ ಮುಂದಿರುವ ಹೆಸರು ಯಾವುದು ಅಂತ ಒಮ್ಮೆ ಓದಿ.

ಇನ್ನೊಂದು ತಪ್ಪು ಇಎಕ್ಸ್‌ಇ ಆರಿಸುವುದರಲ್ಲಿ ಆಗುತ್ತದೆ. ಫೋಲ್ಡರಿನಲ್ಲಿ ಮೊದಲು ಕಾಣುವುದು ಬಹಳ ಸಲ ಲಾಂಚರ್, ಅಸಲಿ ಗೇಮ್ ಅಲ್ಲ. ಅನ್ರಿಯಲ್ ಎಂಜಿನ್ ಗೇಮ್ ಆದರೆ ಅಸಲಿ ಫೈಲ್ ‘ಬೈನರೀಸ್’ ಫೋಲ್ಡರಿನೊಳಗಿನ ‘ವಿನ್64’ನಲ್ಲಿ ಇರುತ್ತದೆ, ಹೆಸರಿನ ಕೊನೆಗೆ ‘ಶಿಪ್ಪಿಂಗ್’ ಅಂತ ಇರುತ್ತದೆ. ಗೊತ್ತಾಗದಿದ್ದರೆ ಗೇಮ್ ಓಡಿಸಿ, ಟಾಸ್ಕ್ ಮ್ಯಾನೇಜರ್ ತೆರೆದು, ಗೇಮ್‌ನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಗೋ ಟು ಡೀಟೇಲ್ಸ್’ ಒತ್ತಿ. ಅಲ್ಲಿ ಕಾಣುವ ಹೆಸರೇ ಬೇಕಾದದ್ದು. ಸೋಮಾರಿತನಕ್ಕೆ ‘ಗ್ಲೋಬಲ್’ಗೇ ಮಿತಿ ಹಾಕಿದರೆ ಆರ್‌ಟಿಎಸ್‌ಎಸ್ ಹಿಡಿದುಕೊಳ್ಳುವ ಪ್ರತಿಯೊಂದು 3ಡಿ ಪ್ರೋಗ್ರಾಮಿಗೂ ಅದು ತಗಲುತ್ತದೆ. ಗೇಮಿಗೊಂದು ಪ್ರೊಫೈಲ್ ಮಾಡುವ ಎರಡು ನಿಮಿಷಕ್ಕೆ ಜಿಪುಣತನ ಬೇಡ.

‘ಸೆಟಪ್’ ಒತ್ತಿದರೆ ಲಿಮಿಟರಿನ ವಿಧಾನ ಆರಿಸುವ ಜಾಗವಿದೆ: ಅಸಿಂಕ್, ಫ್ರಂಟ್ ಎಡ್ಜ್, ಬ್ಯಾಕ್ ಎಡ್ಜ್, ಎನ್ವಿಡಿಯಾ ರಿಫ್ಲೆಕ್ಸ್. ಅಸಿಂಕ್‌ನಲ್ಲೇ ಬಿಡಿ. ಫ್ರೇಮ್‌ಟೈಮ್ ಗೆರೆ (ಒಂದೊಂದು ಫ್ರೇಮಿಗೆ ಹಿಡಿದ ಹೊತ್ತಿನ ನಕ್ಷೆ) ಅತ್ಯಂತ ಸಪಾಟಾಗಿ ಬರುವುದು ಅದರಲ್ಲೇ. ರಿಫ್ಲೆಕ್ಸ್ (ತಡ ಕಡಿಮೆ ಮಾಡುವ ಎನ್ವಿಡಿಯಾದ ಸೌಲಭ್ಯ) ಇರುವ ಗೇಮ್, ಎನ್ವಿಡಿಯಾ ಕಾರ್ಡ್ ಎರಡೂ ಇದ್ದರೆ ಮಾತ್ರ ಕೊನೆಯದನ್ನು ಪ್ರಯತ್ನಿಸಬಹುದು. ಅಲ್ಲೇ ‘ಪ್ಯಾಸಿವ್ ವೇಟಿಂಗ್’ ಅನ್ನುವುದೂ ಇದೆ. ಅದು ಆನ್ ಇದ್ದರೆ ಫ್ರೇಮ್ ಕಾಯುವ ಹೊತ್ತಿನಲ್ಲಿ ಪ್ರೊಸೆಸರ್ ವಿಶ್ರಾಂತಿ ತೆಗೆದುಕೊಳ್ಳುತ್ತದೆ, ಆಫ್ ಇದ್ದರೆ ಸುಮ್ಮನೆ ಚಕ್ರ ಹೊಡೆಯುತ್ತಾ ಕಾಯುತ್ತದೆ. ನಾಲ್ಕು ಕೋರಿನ ಹಳೆಯ ಪ್ರೊಸೆಸರ್ ಇದ್ದವರು ಆನ್ ಇಡುವುದೇ ಒಳ್ಳೆಯದು.

ಕೆಲಸ ಆಗಿದೆಯೇ ಇಲ್ಲವೇ ಅಂತ ನೋಡಲು ಅಂಕಿ ಸಾಲದು, ಗೆರೆ ಬೇಕು. ಆಫ್ಟರ್‌ಬರ್ನರ್‌ನ ‘ಮಾನಿಟರಿಂಗ್’ ಪಟ್ಟಿಯಲ್ಲಿ ‘ಫ್ರೇಮ್‌ಟೈಮ್’ ಆರಿಸಿ, ‘ಶೋ ಇನ್ ಆನ್-ಸ್ಕ್ರೀನ್ ಡಿಸ್‌ಪ್ಲೇ’ ಗುರುತು ಹಾಕಿ, ಪಕ್ಕದಲ್ಲಿ ‘ಟೆಕ್ಸ್ಟ್’ ಬದಲು ‘ಗ್ರಾಫ್’ ಮಾಡಿ. ಮಿತಿ ಇಲ್ಲದಾಗ ಆ ಗೆರೆ ಗರಗಸದ ಹಲ್ಲಿನಂತೆ ಕಾಣುತ್ತದೆ. 60 ಹಾಕಿದ ಕೂಡಲೇ 16.7ರ ಮೇಲೆ ದಾರ ಎಳೆದು ಹಿಡಿದಂತೆ ನಿಂತರೆ ಲಿಮಿಟರ್ ತನ್ನ ಕೆಲಸ ಮಾಡುತ್ತಿದೆ. ನಡುನಡುವೆ ಮೇಲಕ್ಕೆ ಮೊಳೆಯಂತೆ ಚುಚ್ಚುತ್ತಿದ್ದರೆ ಆ ಜಾಗದಲ್ಲಿ ನಿಮ್ಮ ಪಿಸಿಗೆ 60 ಕೊಡಲು ಆಗುತ್ತಿಲ್ಲ. ಲಿಮಿಟರನ್ನು ಬೈದು ಉಪಯೋಗವಿಲ್ಲ.

ಆರ್‌ಟಿಎಸ್‌ಎಸ್‌ನ ದೋಷ ಹೇಳಲೇಬೇಕು. ಗೇಮ್‌ನೊಳಗಿನ ಲಿಮಿಟರಿಗೆ ಹೋಲಿಸಿದರೆ ಇದು ಹೆಚ್ಚೆಂದರೆ ಒಂದು ಫ್ರೇಮಿನಷ್ಟು ತಡ ಸೇರಿಸುತ್ತದೆ. 141ರಲ್ಲಿ ಅದು 7 ಮಿಲಿಸೆಕೆಂಡ್, ಗೊತ್ತಾಗುವುದು ಕಷ್ಟ. 60ರಲ್ಲಿ 16.7 ಮಿಲಿಸೆಕೆಂಡ್, ಶೂಟಿಂಗ್ ಗೇಮ್ ಆಡುವವರ ಕೈಗೆ ಅದು ಗೊತ್ತಾಗುತ್ತದೆ. ಎರಡನೆಯದು, ಇದು ಗೇಮ್‌ನ ಪ್ರಕ್ರಿಯೆಯೊಳಗೇ ತನ್ನ ಫೈಲ್ ತೂರಿಸಿ ಕೆಲಸ ಮಾಡುವುದರಿಂದ ಆ್ಯಂಟಿ-ಚೀಟ್ (ಮೋಸದಾಟ ಹಿಡಿಯುವ ಕಾವಲು ಪ್ರೋಗ್ರಾಂ) ಇರುವ ಆನ್‌ಲೈನ್ ಗೇಮ್‌ಗಳಲ್ಲಿ ತಕರಾರು ಬರಬಹುದು. ಡಿಸ್ಕಾರ್ಡ್ ಓವರ್‌ಲೇ (ಗೇಮ್ ಮೇಲೆ ತೇಲುವ ಅದರ ಮಾಹಿತಿಯ ಪದರ) ಜೊತೆ ಗುದ್ದಾಡಿ ಗೇಮ್ ತೆರೆಯದೇ ಹೋದರೆ ಮೊದಲು ಆ ಓವರ್‌ಲೇ ಆಫ್ ಮಾಡಿ, ಅದಕ್ಕೂ ಬಗ್ಗದಿದ್ದರೆ ಆರ್‌ಟಿಎಸ್‌ಎಸ್‌ನಲ್ಲಿ ‘ಯೂಸ್ ಮೈಕ್ರೋಸಾಫ್ಟ್ ಡಿಟೂರ್ಸ್’ ಗುರುತು ಹಾಕಿ ನೋಡಿ. ಮೂರನೆಯದು, ಇದನ್ನು ಮುಚ್ಚಿದರೆ ಮಿತಿಯೂ ಹೋಗುತ್ತದೆ. ವಿಂಡೋಸ್ ಜೊತೆ ಶುರುವಾಗುವಂತೆ ಇಟ್ಟುಕೊಳ್ಳಿ.

ಹಾಗಾದರೆ ವ್ಯಾಲೊರಂಟ್, ಸಿಎಸ್2 (ಕೌಂಟರ್-ಸ್ಟ್ರೈಕ್ 2) ತರಹದ ಆನ್‌ಲೈನ್ ಶೂಟಿಂಗ್ ಗೇಮ್ ಆಡುವವರಿಗೆ? ಅಲ್ಲಿ ಗೇಮ್‌ನೊಳಗಿನ ಲಿಮಿಟರೇ ಸೈ. ಎಂಜಿನ್ ತಾನೇ ಕಾಯುವುದರಿಂದ ಮೌಸ್ ಓದುವ ಹೊತ್ತೂ ಅದರ ಲೆಕ್ಕಕ್ಕೆ ಸರಿಹೊಂದಿರುತ್ತದೆ, ತಡ ಎಲ್ಲಕ್ಕಿಂತ ಕಡಿಮೆ. ಬದಲಿಗೆ ಫ್ರೇಮ್‌ಟೈಮ್ ಗೆರೆ ಆರ್‌ಟಿಎಸ್‌ಎಸ್‌ನಷ್ಟು ಸಪಾಟಾಗಿ ಬರುವುದಿಲ್ಲ, ಸ್ವಲ್ಪ ನಡುಗುತ್ತದೆ. ವ್ಯಾಲೊರಂಟ್‌ನ ವಿಡಿಯೊ ಸೆಟ್ಟಿಂಗ್‌ನಲ್ಲಿ ಬ್ಯಾಟರಿಯಲ್ಲಿರುವಾಗ, ಮೆನುವಿನಲ್ಲಿರುವಾಗ, ಹಿನ್ನೆಲೆಯಲ್ಲಿರುವಾಗ, ಯಾವಾಗಲೂ ಅಂತ ನಾಲ್ಕು ಬೇರೆ ಬೇರೆ ಮಿತಿಗಳಿವೆ; ಮೆನು ಮತ್ತು ಹಿನ್ನೆಲೆಯದನ್ನು ಇವತ್ತೇ 60 ಮತ್ತು 30ಕ್ಕೆ ಇಳಿಸಿ. ಸಿಎಸ್2ನಲ್ಲೂ ಮೆನುವಿಗೆ ಪ್ರತ್ಯೇಕ ಮಿತಿ ಇದೆ. ಮೆನುವಿನಲ್ಲಿ ಬಿಡಿಸಬೇಕಾದದ್ದು ಕಡಿಮೆ, ಹಾಗಾಗಿ ಮಿತಿ ಇಲ್ಲದಿದ್ದರೆ ಕಾರ್ಡ್ ನೂರಾರು ಎಫ್‌ಪಿಎಸ್ ಸುಮ್ಮನೆ ಉರಿಸುತ್ತದೆ. ಕಾರ್ಡಿನಿಂದ ಬರುವ ಕೀಂ ಎನ್ನುವ ಸಣ್ಣ ಸದ್ದು ಬಹಳ ಸಲ ಅದರದ್ದೇ. 2021ರಲ್ಲಿ ನ್ಯೂ ವರ್ಲ್ಡ್ ಗೇಮ್‌ನ ಬೀಟಾ ಆಡುವಾಗ ಕೆಲವು ಆರ್‌ಟಿಎಕ್ಸ್ 3090 ಕಾರ್ಡುಗಳು ಸತ್ತವು. ಕಾರ್ಡುಗಳಲ್ಲೇ ದೋಷವಿತ್ತೆಂಬುದು ಆಮೇಲೆ ಹೊರಬಂದರೂ, ಗೇಮ್ ಮಾಡಿದವರು ತಕ್ಷಣ ಮಾಡಿದ್ದು ಮೆನುವಿಗೆ ಮಿತಿ ಹಾಕಿದ್ದು.

ಎನ್ವಿಡಿಯಾ ಡ್ರೈವರಿನ ‘ಮ್ಯಾಕ್ಸ್ ಫ್ರೇಮ್ ರೇಟ್’ ಬಂದದ್ದು 2020ರ ಜನವರಿಯಲ್ಲಿ. ಕಂಟ್ರೋಲ್ ಪ್ಯಾನೆಲ್ ತೆರೆದು ‘ಮ್ಯಾನೇಜ್ 3ಡಿ ಸೆಟ್ಟಿಂಗ್ಸ್’, ಅಲ್ಲಿಂದ ‘ಪ್ರೋಗ್ರಾಂ ಸೆಟ್ಟಿಂಗ್ಸ್’, ಗೇಮ್ ಆರಿಸಿ, ಅಂಕಿ ಹಾಕಿ, ‘ಅಪ್ಲೈ’ ಒತ್ತಿ. ಹಿನ್ನೆಲೆಯಲ್ಲಿ ಇನ್ನೊಂದು ಪ್ರೋಗ್ರಾಂ ಓಡಬೇಕಿಲ್ಲ, ಆ್ಯಂಟಿ-ಚೀಟ್ ಗೊಡವೆ ಇಲ್ಲ. ತಡದಲ್ಲಿ ಆರ್‌ಟಿಎಸ್‌ಎಸ್‌ನ ಆಸುಪಾಸಿನಲ್ಲೇ ಇದೆ. ಅದಕ್ಕೂ ಮುಂಚೆ ಡ್ರೈವರಿನೊಳಗೆ ಅಡಗಿದ್ದ ಹಳೆಯ ಲಿಮಿಟರ್ ಎರಡು ಫ್ರೇಮಿಗಿಂತ ಹೆಚ್ಚು ತಡ ತರುತ್ತಿತ್ತು. ‘ಡ್ರೈವರ್ ಲಿಮಿಟರ್ ಬೇಡ’ ಅಂತ ಇಂದಿಗೂ ಹೇಳುವವರು ಆ ಕಾಲದ ಮಾತು ಹೇಳುತ್ತಿದ್ದಾರೆ. ಗೇಮ್‌ನೊಳಗೆ ಲಿಮಿಟರ್ ಇಲ್ಲ, ಆರ್‌ಟಿಎಸ್‌ಎಸ್ ಹಾಕುವ ಮನಸ್ಸಿಲ್ಲ ಅನ್ನುವವರಿಗೆ ಇದು ಸಾಕು. ಇದರ ಕೊರತೆ ಒಂದೇ: ಓಡುತ್ತಿರುವ ಗೇಮ್‌ನಲ್ಲಿ ಅಂಕಿ ಬದಲಿಸಿ ಬದಲಿಸಿ ನೋಡುವ ಅನುಕೂಲ ಆರ್‌ಟಿಎಸ್‌ಎಸ್‌ನಷ್ಟಿಲ್ಲ.

ಎಎಂಡಿ ಕಾರ್ಡಿನವರಿಗೆ ಎರಡು ದಾರಿ. ‘ಫ್ರೇಮ್ ರೇಟ್ ಟಾರ್ಗೆಟ್ ಕಂಟ್ರೋಲ್’ 2015ರಿಂದ ಇದೆ, ಕೆಲವು ಗೇಮ್‌ಗಳಲ್ಲಿ ಹಿಡಿತ ಸಿಗುವುದಿಲ್ಲ. ‘ರೇಡಿಯಾನ್ ಚಿಲ್’ ಬೇರೆ ತರಹ: ನೀವು ಮೌಸ್ ಮುಟ್ಟದಿದ್ದಾಗ ಎಫ್‌ಪಿಎಸ್ ಇಳಿಸಿ, ಓಡಾಡಿದಾಗ ಏರಿಸುತ್ತದೆ. ವಿದ್ಯುತ್ ಉಳಿಸಲು ಅದು ಚೆನ್ನ, ನಯವಾದ ಆಟಕ್ಕೆ ಆ ಏರಿಳಿತವೇ ಶತ್ರು. ಕನಿಷ್ಠ ಮತ್ತು ಗರಿಷ್ಠ ಎರಡಕ್ಕೂ ಒಂದೇ ಅಂಕಿ ಕೊಡಿ. ಚಿಲ್ ಆಗ ಒಳ್ಳೆಯ ಲಿಮಿಟರ್ ಆಗಿ ನಡೆದುಕೊಳ್ಳುತ್ತದೆ. ಆರ್‌ಎಕ್ಸ್ 6600 ತರಹದ ಕಾರ್ಡ್ ಇದ್ದವರಿಗೆ ನಮ್ಮ ಶಿಫಾರಸು ಇದೇ. ಸ್ಪೆಷಲ್ ಕೆ ಅನ್ನುವ ಉಪಕರಣದ ಲಿಮಿಟರ್ ಬಹಳ ಹದವಾದದ್ದು, ಆದರೆ ಒಬ್ಬರೇ ಆಡುವ ಗೇಮ್‌ಗಳಿಗೆ ಮಾತ್ರ. ಆನ್‌ಲೈನ್ ಗೇಮ್‌ಗೆ ಹಾಕಿದರೆ ಖಾತೆ ಕಳೆದುಕೊಳ್ಳುವ ಅಪಾಯವಿದೆ.

ಈಗ ಮುಖ್ಯ ಪ್ರಶ್ನೆ: ಎಷ್ಟಕ್ಕೆ ಹಾಕಬೇಕು? ಇಲ್ಲಿಯೇ ಹೆಚ್ಚಿನವರು ಎಡವುವುದು. ಕೋಣೆಯೊಳಗೆ ನಿಂತಾಗ 110 ಬರುತ್ತದೆ ಅಂತ 110 ಹಾಕಿದರೆ ಪೇಟೆಯ ನಡುವೆ ಗಾಡಿ ಓಡಿಸುವಾಗ 65ಕ್ಕೆ ಬಿದ್ದು ಎಲ್ಲ ವ್ಯರ್ಥ. ಗೇಮ್‌ನ ಅತಿ ಭಾರದ ಜಾಗದಲ್ಲಿ ಹತ್ತು ನಿಮಿಷ ಮಿತಿಯಿಲ್ಲದೆ ಆಡಿ, 1 ಪ್ರತಿಶತ ಲೋ (ಅತಿ ನಿಧಾನದ ನೂರಕ್ಕೊಂದು ಫ್ರೇಮ್‌ಗಳ ಎಫ್‌ಪಿಎಸ್) ಎಷ್ಟು ಅಂತ ನೋಡಿ. ಕ್ಯಾಪ್‌ಫ್ರೇಮ್‌ಎಕ್ಸ್ ಅನ್ನುವ ಉಚಿತ ಉಪಕರಣ ಅದನ್ನು ಅಳೆಯುತ್ತದೆ. ಸರಾಸರಿ 92, ಲೋ 61 ಬಂತು ಅಂದುಕೊಳ್ಳಿ. ನಿಮ್ಮ ಮಿತಿ 60. 92ರಲ್ಲಿ ಆಡುವ ಆಸೆ ಇದ್ದರೆ ಲಿಮಿಟರ್ ಮುಟ್ಟಬೇಡಿ, ನೆರಳು ಮತ್ತು ಜನಸಂದಣಿಯ ಸೆಟ್ಟಿಂಗ್ ಇಳಿಸಿ ಲೋ ಮೇಲೆತ್ತಿ.

ಆಮೇಲೆ ಮಾನಿಟರ್. ಮೊದಲು ವಿಂಡೋಸ್‌ನ ‘ಅಡ್ವಾನ್ಸ್‌ಡ್ ಡಿಸ್‌ಪ್ಲೇ’ಯಲ್ಲಿ ಅದು ನಿಜವಾಗಿ ಎಷ್ಟು ಹರ್ಟ್ಸ್‌ನಲ್ಲಿದೆ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ) ನೋಡಿ. 144ರ ಮಾನಿಟರ್ ತಂದು ತಿಂಗಳುಗಟ್ಟಲೆ 60ರಲ್ಲೇ ಓಡಿಸುವವರು ಇದ್ದಾರೆ. ಫ್ರೀಸಿಂಕ್ ಅಥವಾ ಜಿ-ಸಿಂಕ್ (ಫ್ರೇಮ್ ಬಂದಂತೆ ಮಾನಿಟರ್ ತನ್ನ ವೇಗ ಹೊಂದಿಸಿಕೊಳ್ಳುವ ಸೌಲಭ್ಯ) ಇದ್ದರೆ ರಿಫ್ರೆಶ್ ರೇಟಿಗಿಂತ, ಅಂದರೆ ಆ ಹರ್ಟ್ಸ್ ಅಂಕಿಗಿಂತ, ಕನಿಷ್ಠ 3 ಕಡಿಮೆ ಹಾಕಿ: 75ಕ್ಕೆ 72, 144ಕ್ಕೆ 141. ಮಿತಿ ಸರಿಯಾಗಿ ತುದಿಗೇ ಇದ್ದರೆ ಫ್ರೇಮ್ ಆಗಾಗ ಗಡಿ ದಾಟಿ, ವಿ-ಸಿಂಕ್‌ನ (ಮಾನಿಟರಿನ ಮುಂದಿನ ರಿಫ್ರೆಶ್ ತನಕ ಫ್ರೇಮನ್ನು ಕಾಯಿಸುವ ಸೆಟ್ಟಿಂಗ್‌ನ) ತಡ ವಾಪಸ್ ಬರುತ್ತದೆ. ರಿಫ್ಲೆಕ್ಸ್, ಜಿ-ಸಿಂಕ್, ವಿ-ಸಿಂಕ್ ಮೂರೂ ಆನ್ ಇದ್ದರೆ ನೀವು ಏನೂ ಹಾಕಬೇಕಿಲ್ಲ. ಡ್ರೈವರ್ ತಾನೇ 144ಕ್ಕೆ 138, 165ಕ್ಕೆ 157, 240ಕ್ಕೆ 224ರ ಸುಮಾರಿನಲ್ಲಿ ನಿಲ್ಲಿಸುತ್ತದೆ. ಕೌಂಟರ್ 138ರಲ್ಲಿ ನಿಂತಿದೆ, ಕಾರ್ಡ್ ಹಾಳಾಗಿದೆ ಅಂತ ಅಂಗಡಿಗೆ ಒಯ್ಯಬೇಡಿ.

ನಮ್ಮ ಕಡೆ ಬಹಳ ಮೇಜುಗಳ ಮೇಲಿರುವುದು 75 ಹರ್ಟ್ಸ್‌ನ ಅಗ್ಗದ ಮಾನಿಟರ್. ಅದರ ಒಂದು ಗುಟ್ಟು ತಿಳಿದಿರಲಿ. ವಿ-ಸಿಂಕ್ ಹಾಕಿ 60ಕ್ಕೆ ಮಿತಿ ಇಟ್ಟರೆ ಪ್ರತಿ ನಾಲ್ಕು ಫ್ರೇಮಿನಲ್ಲಿ ಒಂದು ಫ್ರೇಮ್ ಎರಡು ಸಲ ಕಾಣಬೇಕಾಗುತ್ತದೆ, ಏಕೆಂದರೆ ಐದು ರಿಫ್ರೆಶ್ಶಿಗೆ ನಾಲ್ಕೇ ಫ್ರೇಮ್. ಲಿಮಿಟರಿನ ಗೆರೆ ಸಪಾಟಾಗಿದ್ದರೂ ಪರದೆ ಕುಂಟುತ್ತದೆ. ಪಿಸಿಗೆ 60ಕ್ಕಿಂತ ಹೆಚ್ಚು ಆಗದಿದ್ದರೆ ಮಾನಿಟರನ್ನೇ 60 ಹರ್ಟ್ಸ್‌ಗೆ ಇಳಿಸಿ ಆಡಿ, ವ್ಯತ್ಯಾಸ ಮೊದಲ ನಿಮಿಷಕ್ಕೇ ಕಾಣುತ್ತದೆ. ಆ ಮಾನಿಟರಿನ ಫ್ರೀಸಿಂಕ್ ವ್ಯಾಪ್ತಿ 48ರಿಂದ 75 ಅಂತಿದ್ದರೆ 48ರ ಕೆಳಗೆ ಬಿದ್ದ ಕೂಡಲೇ ಅದು ಕೈಬಿಡುತ್ತದೆ. ಫ್ರೇಮನ್ನು ಇಮ್ಮಡಿ ಮಾಡಿ ತೋರಿಸಲು ಗರಿಷ್ಠವು ಕನಿಷ್ಠದ ಎರಡರಷ್ಟಾದರೂ ಇರಬೇಕು. 120 ಹರ್ಟ್ಸ್ ಪರದೆ ಇದ್ದು ಕಾರ್ಡ್ ಸೋತಿದ್ದರೆ 40 ಹಾಕಿ ನೋಡಿ. ಪ್ರತಿ ಫ್ರೇಮ್ ಸರಿಯಾಗಿ ಮೂರು ರಿಫ್ರೆಶ್ ನಿಲ್ಲುತ್ತದೆ, 25 ಮಿಲಿಸೆಕೆಂಡ್. ಕಾಲದ ಲೆಕ್ಕದಲ್ಲಿ ಇದು 30 ಮತ್ತು 60ರ ನಟ್ಟನಡುವೆ. ಫ್ರೀಸಿಂಕ್ ಇಲ್ಲದ 144ರಲ್ಲಿ 72 ಅಥವಾ 48.

ಕೆಲವು ಗೇಮ್‌ಗಳಿಗೆ ಮಿತಿ ಔಷಧಿಯಂತೆ ಬೇಕೇ ಬೇಕು. 2011ರ ಸ್ಕೈರಿಮ್‌ನಲ್ಲಿ 60 ದಾಟಿದರೆ ಭೌತಶಾಸ್ತ್ರವೇ ಕೆಟ್ಟು ಮೇಜಿನ ಮೇಲಿನ ಪಾತ್ರೆಗಳು ಹಾರಾಡುತ್ತವೆ. ಜಿಟಿಎ ಸ್ಯಾನ್ ಆಂಡ್ರಿಯಾಸ್‌ನಲ್ಲಿ ಫ್ರೇಮ್ ಲಿಮಿಟರ್ ಆಫ್ ಮಾಡಿದರೆ ಈಜುವುದು, ಗಾಡಿ ಓಡುವುದು ಎಡವಟ್ಟಾಗುತ್ತದೆ, ಆನ್ ಇಡಿ. ಜಿಟಿಎ 5ರ ಹಳೆಯ ಆವೃತ್ತಿ 187ರ ಆಸುಪಾಸಿಗೆ ಹೋದರೆ ತಡವರಿಸುತ್ತದೆ, ಹೊಸ ಕಾರ್ಡಿನವರಿಗೇ ಈ ಕಷ್ಟ ಹೆಚ್ಚು. ಅದರ ಕಥೆಯ ಭಾಗಕ್ಕೆ ಆರ್‌ಟಿಎಸ್‌ಎಸ್‌ನಲ್ಲಿ 120 ಅಥವಾ 141 ಹಾಕಿದರೆ ಮುಗಿಯಿತು.

ಎರಡು ಲಿಮಿಟರ್ ಒಟ್ಟಿಗೆ ಒಂದೇ ಅಂಕಿಗೆ ಹಾಕಬೇಡಿ. ಗೇಮ್‌ನಲ್ಲೂ 60, ಡ್ರೈವರಿನಲ್ಲೂ 60 ಇದ್ದರೆ ಎರಡು ಗಡಿಯಾರ ಒಂದಕ್ಕೊಂದು ತಾಳ ತಪ್ಪಿಸಿ, ಕೆಲವು ಸೆಕೆಂಡಿಗೊಮ್ಮೆ ಫ್ರೇಮ್ ಎಡವುತ್ತದೆ. ಫ್ರೇಮ್ ಜನರೇಷನ್ (ಅಸಲಿ ಫ್ರೇಮ್‌ಗಳ ನಡುವೆ ಕಾರ್ಡೇ ಹುಟ್ಟಿಸಿದ ಫ್ರೇಮ್ ತುಂಬುವ ಸೌಲಭ್ಯ) ಬಳಸುವವರು ಇನ್ನೊಂದು ಲೆಕ್ಕ ಹಿಡಿಯಬೇಕು: ಎರಡು ಪಟ್ಟಿನ ಜನರೇಷನ್‌ನಲ್ಲಿ ಪರದೆಗೆ 60ರ ಮಿತಿ ಬಿದ್ದರೆ ಗೇಮ್ ನಿಜವಾಗಿ ಬಿಡಿಸುವುದು 30 ಮಾತ್ರ, ಮೌಸ್ ಜೇನಿನಲ್ಲಿ ಅದ್ದಿದಂತೆ ಓಡುತ್ತದೆ. ಹಾಗೆಯೇ ಶೇಡರ್ (ಬೆಳಕು-ಬಣ್ಣ ಬಿಡಿಸುವ ಸಣ್ಣ ಪ್ರೋಗ್ರಾಂ) ಸಿದ್ಧವಾಗುವಾಗಿನ ತಡವರಿಕೆ, ಹಾರ್ಡ್ ಡಿಸ್ಕಿನಿಂದ ಲೋಡ್ ಆಗುವಾಗಿನ ಜರ್ಕ್, ಒಂದೇ 8 ಜಿಬಿ ರ್‍ಯಾಮ್ ಸ್ಟಿಕ್, ತುಂಬಿ ಹರಿಯುವ ವಿಡಿಯೊ ಮೆಮೊರಿ, ಇವಕ್ಕೆ ಯಾವ ಲಿಮಿಟರೂ ಮದ್ದಲ್ಲ. ಎರಡನೇ ರ್‍ಯಾಮ್ ಸ್ಟಿಕ್ ಹಾಕಿ, ಗೇಮ್ ಎಸ್‌ಎಸ್‌ಡಿಗೆ ಸರಿಸಿ, ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿ, ಆಮೇಲೆ ಮಿತಿಯ ಮಾತು.

ಬಾಗಲಕೋಟೆಯ ಏಪ್ರಿಲ್-ಮೇಗೆ ಈ ಉಪಕರಣದ ಬೆಲೆ ಇಮ್ಮಡಿ. ಹೊರಗೆ 40 ಡಿಗ್ರಿ ಇದ್ದಾಗ ನವನಗರದ, ವಿದ್ಯಾಗಿರಿಯ ಮೇಲಂತಸ್ತಿನ ಕೋಣೆಗಳಲ್ಲಿ ಕೇಸಿನ ಫ್ಯಾನ್ ಒಳಗೆ ಎಳೆಯುವುದೂ ಜಳವನ್ನೇ. ಕಾರ್ಡ್ ಬಿಸಿಯಾದಷ್ಟೂ ತನ್ನ ವೇಗ ಇಳಿಸುತ್ತದೆ, ಅರ್ಧ ಗಂಟೆ ಚೆನ್ನಾಗಿ ಓಡಿದ ಗೇಮ್ ಆಮೇಲೆ ಮುಗ್ಗರಿಸುವುದು ಅದಕ್ಕೇ. ಬೇಸಿಗೆಯಲ್ಲಿ 1 ಪ್ರತಿಶತ ಲೋ ಅಳೆಯುವಾಗ ಬೆಳಗಿನ ತಂಪಿನಲ್ಲಿ ಅಳೆಯಬೇಡಿ. ಮಧ್ಯಾಹ್ನ ಮೂರಕ್ಕೆ, ಗೇಮ್ ಅರ್ಧ ಗಂಟೆ ಓಡಿದ ಮೇಲೆ ಅಳೆಯಿರಿ. ಆಗ ಬಂದ ಅಂಕಿಗೆ ಮಿತಿ ಹಾಕಿದರೆ ಇಡೀ ಋತು ನಿಲ್ಲುತ್ತದೆ.

ಕರೆಂಟ್ ಹೋದಾಗಿನ ಲೆಕ್ಕವೂ ಇದೆ. 600 ವಿಎ, 360 ವ್ಯಾಟ್ ಅಂತ ಬರೆದಿರುವ ಸಣ್ಣ ಯುಪಿಎಸ್ ಇದ್ದು, ಆರ್‌ಟಿಎಕ್ಸ್ 3060 ಮತ್ತು ರೈಜೆನ್ 5 5600 ಓಡಿಸುತ್ತಿದ್ದೀರಿ ಅನ್ನಿ. ಕಾರ್ಡ್ 170 ವ್ಯಾಟ್, ಪ್ರೊಸೆಸರ್ 76 ವ್ಯಾಟ್‌ವರೆಗೆ ಎಳೆಯಬಲ್ಲದು. ಅದಕ್ಕೆ ಮಾನಿಟರ್, ಬೋರ್ಡ್, ಫ್ಯಾನ್, ಪವರ್ ಸಪ್ಲೈಯಲ್ಲಿ ಪೋಲಾಗುವುದು ಸೇರಿದರೆ 300 ದಾಟುತ್ತದೆ, ಹಳೆಯ ಬ್ಯಾಟರಿ ಆ ಭಾರಕ್ಕೆ ಒಂದೇ ಉಸಿರಿಗೆ ಕೂತುಬಿಡುತ್ತದೆ. 60ರ ಮಿತಿ ಇದ್ದು ಕಾರ್ಡ್ ಅರ್ಧ ಬಳಕೆಯಲ್ಲಿದ್ದರೆ ಗೇಮ್ ಸೇವ್ ಮಾಡಿ ಪಿಸಿ ಮುಚ್ಚಲು ಸಮಯ ಸಿಗುತ್ತದೆ. ಆರ್‌ಟಿಎಸ್‌ಎಸ್‌ನ ‘ಪ್ಲಗಿನ್ಸ್’ನಲ್ಲಿರುವ ‘ಹಾಟ್‌ಕೀ ಹ್ಯಾಂಡ್ಲರ್’ ಆನ್ ಮಾಡಿ ಮಿತಿ ಆನ್-ಆಫ್‌ಗೆ ಒಂದು ಕೀ ಇಟ್ಟುಕೊಳ್ಳಿ: ಪ್ರೊಫೈಲಿನಲ್ಲಿ 30 ಬರೆದಿಟ್ಟು ಆಫ್ ಮಾಡಿ ಆಡಿ, ಯುಪಿಎಸ್ ಕೂಗಿದ ಕೂಡಲೇ ಆ ಕೀ ಒತ್ತಿ. ಆಗ ಉಳಿದ ಹೊತ್ತಿನ ಮಿತಿಯನ್ನು ಗೇಮ್‌ನೊಳಗಿನ ಲಿಮಿಟರಿಗೆ ಬಿಡಿ. 30 ಮತ್ತು 60ರ ನಡುವೆ ಅಂತರ ದೊಡ್ಡದಿರುವುದರಿಂದ ತಾಳ ತಪ್ಪುವುದಿಲ್ಲ.

ಲ್ಯಾಪ್‌ಟಾಪಿನವರು ಚಾರ್ಜರ್ ತೆಗೆದ ಕೂಡಲೇ 30ಕ್ಕೆ ಬಿದ್ದರೆ ಹೆದರಬೇಡಿ, ಅದು ಎನ್ವಿಡಿಯಾದ ‘ಬ್ಯಾಟರಿ ಬೂಸ್ಟ್’ ಹಾಕಿದ ಮಿತಿ ಇರಬಹುದು. ಚಾರ್ಜರ್ ಹಾಕಿಯೂ 60 ದಾಟದಿದ್ದರೆ ‘ವಿಸ್ಪರ್ ಮೋಡ್’ (ಫ್ಯಾನ್ ಸದ್ದು ತಗ್ಗಿಸಲು ಎಫ್‌ಪಿಎಸ್ ಇಳಿಸುವ ಸೌಲಭ್ಯ) ಆನ್ ಇದೆಯೇ ನೋಡಿ, ಅದನ್ನು ಆಫ್ ಮಾಡಿದ ಮೇಲೆಯೇ ಆರ್‌ಟಿಎಸ್‌ಎಸ್‌ನಲ್ಲಿ ಅಂಕಿ ಬರೆಯಿರಿ.